ರೊಟ್ಟಿ ಬಡಿಯುವ ಸದ್ದು ಎಲ್ಲಿದೆ?

ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಓದಲು ಬಂದ ಹಳ್ಳಿಯ ಹುಡುಗನನ್ನು ಮೊದಲ ವಾರ ಕಾಡುವುದು ಪಾಠವಲ್ಲ, ಊಟ. ಪುಣೆ–ಹೈದರಾಬಾದ್ ಹೆದ್ದಾರಿಯ ಧಾಬಾಗಳಲ್ಲಿ ದಾಲ್ ಫ್ರೈ, ತಂದೂರಿ ರೊಟ್ಟಿಗೆ ಕೊರತೆಯಿಲ್ಲ. ಪೇಟೆಯಲ್ಲಿ ಸುಸಲಾ, ಮಿರ್ಚಿ ಭಜಿ, ಚಹಾ ಇದ್ದೇ ಇವೆ. ಹೊಟ್ಟೆ ತುಂಬುತ್ತದೆ, ಮನೆಯ ನೆನಪು ಮಾತ್ರ ಹಾಗೇ ಉಳಿಯುತ್ತದೆ. ಈ ಸೀಮೆಯ ಜೀವಕ್ಕೆ ಹಿತವೆನಿಸುವ ಊಟ ಹೋಟೆಲಿನ ಬೋರ್ಡಿನಲ್ಲಿ ಸುಲಭವಾಗಿ ಕಾಣುವುದಿಲ್ಲ. ಅದಕ್ಕೆ ಜಾಗವೂ ಗೊತ್ತಿರಬೇಕು, ದಿನವೂ ಗೊತ್ತಿರಬೇಕು.

ಮೊದಲ ಜಾಗ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಇಲ್ಲವೇ ಝುಣಕ, ಶೇಂಗಾ ಹಿಂಡಿ, ಮೊಸರು, ಒಂದು ಹಸಿ ಉಳ್ಳಾಗಡ್ಡಿ. ಇಷ್ಟಿದ್ದರೆ ಊಟ ಪೂರ್ತಿ. ಒಳ್ಳೆಯ ಖಾನಾವಳಿಯನ್ನು ಗುರುತಿಸಲು ಕಿವಿ ಸಾಕು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿರಬೇಕು. ಗೋಧಿಗೆ ಜಿಗುಟು ಕೊಡುವ ಗ್ಲುಟೆನ್ ಜೋಳದಲ್ಲಿಲ್ಲ. ಅದಕ್ಕೇ ಹಿಟ್ಟಿಗೆ ಕುದಿನೀರು ಹಾಕಿ ನಾದುತ್ತಾರೆ. ಕಾವಿಗೆ ಪಿಷ್ಟ ಅಂಟಾಗಿ ಹಿಟ್ಟನ್ನು ಹಿಡಿದಿಡುತ್ತದೆ. ಆ ಹದ ಆರುವ ಮುನ್ನ ಕೈಯಿಂದ ಬಡಿದು ಹೆಂಚಿಗೆ ಹಾಕಬೇಕು. ಇಲ್ಲವಾದರೆ ಅಂಚು ಬಿರಿಯುತ್ತದೆ.

ಎರಡನೆಯದು ಪಂಗತಿ. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನವಿದೆ. ೧೮೧೭ರಲ್ಲಿ ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿದ ಪ್ರಭುಗಳ ಬಳಿಗೆ ಹಿಂದೂಗಳೂ ಮುಸಲ್ಮಾನರೂ ಬರುತ್ತಿದ್ದರು. ಬಂದವರಿಗೆ ಉಣಬಡಿಸುವ ಪರಿಪಾಠ ಅಲ್ಲಿ ಇಂದಿಗೂ ಇದೆ. ಡಿಸೆಂಬರಿನ ಸುಮಾರಿಗೆ ಬರುವ ದತ್ತ ಜಯಂತಿಗೆ ಪಂಗತಿಗಳು ಉದ್ದವಾಗುತ್ತವೆ.

ಬಸವಕಲ್ಯಾಣದಲ್ಲಂತೂ ಒಟ್ಟಿಗೆ ಕೂತು ಉಣ್ಣುವುದಕ್ಕೇ ಒಂದು ಇತಿಹಾಸವಿದೆ. ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ೧೧೨೯ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅಡುಗೆಗೆಂದೇ ಒಂದು ಭಾಗವುಂಟು. ಇಂದಿನ ಇಡ್ಲಿ, ವಡೆ, ಮಂಡಿಗೆಗಳ ಹಿರಿಯರು ಅದರಲ್ಲಿ ಸಿಗುತ್ತಾರೆ. ಕೆಲವೇ ದಶಕಗಳ ನಂತರ ಅದೇ ಕಲ್ಯಾಣದಲ್ಲಿ ಬಸವಣ್ಣನವರು ಮತ್ತು ಶರಣರು ದುಡಿದು ತಂದದ್ದನ್ನು ಕುಲ ಕೇಳದೆ ಹಂಚಿ ಉಣ್ಣುವುದನ್ನು ದಾಸೋಹ ಎಂದರು. ಇಲ್ಲಿನ ಮಠದ ದಾಸೋಹಕ್ಕೆ ಕೂರುವ ವಿದ್ಯಾರ್ಥಿ ಈ ಮಾತನ್ನೂ ನೆನೆಯಬೇಕು.

ಮಾಂಸಾಹಾರಿಗಳಿಗೆ ಒಂದು ಸ್ವಾರಸ್ಯ: ಸಣ್ಣ ತುಂಡುಗಳ, ಅಗ್ಗದ ‘ಕಲ್ಯಾಣಿ ಬಿರಿಯಾನಿ’ ಹೈದರಾಬಾದಿನಲ್ಲಿ ಹೆಸರಾದರೂ ಅದರ ಹೆಸರು ಈ ಊರಿನ ನವಾಬರ ಮನೆತನದಿಂದ ಹೋದದ್ದು.

ಎಲ್ಲಕ್ಕಿಂತ ರುಚಿಯಾದ ಊಟಕ್ಕೆ ಮಾತ್ರ ಹೊಲಕ್ಕೇ ಹೋಗಬೇಕು. ಡಿಸೆಂಬರ್–ಜನವರಿಯ ಎಳ್ಳಮವಾಸ್ಯೆಯಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಸೊಪ್ಪು, ತರಕಾರಿ, ಹಸಿ ಕಾಳು, ಹುಣಸೆಹುಳಿ, ಕಡಲೆಹಿಟ್ಟು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಮಡಿಕೆಯಲ್ಲಿ ತಣ್ಣಗಿರುವ ಜೋಳದ ಅಂಬಲಿ. ಭಜ್ಜಿಯೆಂದರೆ ಎಣ್ಣೆಯಲ್ಲಿ ಕರಿದ ಭಜಿಯಲ್ಲ ಎಂದು ಹೊರಗಿನವರಿಗೆ ಆಗ ತಿಳಿಯುತ್ತದೆ. ಚರಗ ಚೆಲ್ಲಿದ ಮೇಲೆ ಬದುವಿನ ಮೇಲೆ ಹೋಗುವವರನ್ನೂ ಕರೆದು ಬಡಿಸುತ್ತಾರೆ. ಸಹಪಾಠಿಯ ಮನೆಯಿಂದ ಕರೆ ಬಂದರೆ ತಪ್ಪಿಸಬಾರದು.

ಇನ್ನೊಂದು ಊಟ ಬಸ್ಸಿನಲ್ಲಿ ಬರುತ್ತದೆ. ಅದು ತಾಯಿ ಕಟ್ಟಿ ಕಳಿಸಿದ ಬುತ್ತಿ. ಕಟಿ ರೊಟ್ಟಿ, ಹಿಂಡಿ, ಉಪ್ಪಿನಕಾಯಿ ದಿನಗಟ್ಟಲೆ ಕೆಡುವುದಿಲ್ಲ. ಕೋಣೆಯ ಗೆಳೆಯರು ಮೊದಲು ಕೈಹಾಕುವುದೂ ಅದಕ್ಕೇ.

ಅರಮನೆಯ ಅಡುಗೆ ಗ್ರಂಥಕ್ಕೆ ಸೇರಿ ಉಳಿಯಿತು. ರೊಟ್ಟಿಯ ಹದ ಉಳಿದಿರುವುದು ಕೈಯಲ್ಲಿ. ಜಿಲ್ಲೆಯ ಹೊಲಗಳಿಗೆ ಸೋಯಾ, ಕಬ್ಬು ಬಂದಂತೆ ಜೋಳದ ಜಾಗ ಕಿರಿದಾಗಿದೆ. ಮನೆಯಲ್ಲಿ ಬಡಿಯುವ ಕೈಗಳೂ ಕಡಿಮೆಯಾಗುತ್ತಿವೆ. ‘ಓದೋ ಮಕ್ಕಳಿಗೆ ಒಲೆ ಯಾಕ್ರೀ’ ಎನ್ನುವ ತಂದೆ–ತಾಯಿಗಳು ತುಸು ಯೋಚಿಸಬೇಕು. ಈ ಸಲದ ರಜೆಯಲ್ಲಿ ಮಗಳ ಜೊತೆಗೆ ಮಗನನ್ನೂ ಕೊಣಮಿಗೆಯ ಮುಂದೆ ಕೂರಿಸಿದರೆ ನಷ್ಟವೇನಿಲ್ಲ. ಮೊದಲ ನಾಲ್ಕು ರೊಟ್ಟಿ ಹರಿಯುತ್ತವೆ. ಐದನೆಯದನ್ನು ಅವನೇ ಸಂತೋಷದಿಂದ ಉಣ್ಣುತ್ತಾನೆ.