ಎಳೆಯರ ಕೈಗೆ ಸಾಹಸದ ಸರಣಿ

ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಕನ್ನಡದಲ್ಲಿ ಯಾವ ಪುಸ್ತಕವನ್ನು ಕೊಡಬೇಕೆಂದು ತಂದೆತಾಯಿಯರೂ ಉಪಾಧ್ಯಾಯರೂ ಆಗಾಗ ಕೇಳುತ್ತಾರೆ. ಹಲಸೂರು, ಶಿವಾಜಿನಗರ, ಇಂದಿರಾನಗರದ ಕಡೆಯವರು ಕೇಳುವಾಗ ಆ ಪ್ರಶ್ನೆಯಲ್ಲಿ ತುಸು ಆತಂಕವೂ ಬೆರೆತಿರುತ್ತದೆ. ರೂಢಿಯ ಉತ್ತರವೊಂದು ಸಿದ್ಧವಾಗಿಯೇ ಇದೆ: ಮಹಾಪುರುಷರ ಚರಿತ್ರೆ, ನೀತಿಕಥೆ, ಸಾಮಾನ್ಯಜ್ಞಾನ. ಇವೆಲ್ಲ ಒಳ್ಳೆಯವೇ, ಕೊಡಬೇಡಿರೆಂದು ನಾನು ಹೇಳಲಾರೆ. ಆದರೆ ಮೊದಲು ಕೊಡಬೇಕಾದದ್ದು ಸಾಹಸದ ಕಥೆ. ಅದರಲ್ಲಿಯೂ, ಒಂದು ಭಾಗ ಮುಗಿದೊಡನೆ ಇನ್ನೊಂದಕ್ಕೆ ಕೈಚಾಚುವಂತೆ ಮಾಡುವ ಸರಣಿ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣ ಸರಳವಾದದ್ದು. ಪ್ರತಿಯೊಂದು ಹೊಸ ಪುಸ್ತಕವನ್ನು ತೆರೆದಾಗಲೂ ಮಗುವು ಹೊಸ ಜನರ ಪರಿಚಯವನ್ನು ಮಾಡಿಕೊಳ್ಳಬೇಕು. ಹೊಸ ಊರಿನ ದಾರಿಯನ್ನು ಕಲಿಯಬೇಕು. ಲೇಖಕನ ಮಾತಿನ ಧಾಟಿಗೆ ಹೊಂದಿಕೊಳ್ಳಬೇಕು. ಸರಣಿಯಲ್ಲಿ ಈ ಶ್ರಮ ಒಮ್ಮೆಗೇ ಮುಗಿಯುತ್ತದೆ. ಮೊದಲ ಭಾಗದಲ್ಲಿ ಒತ್ತಕ್ಷರಗಳ ಮುಂದೆ ಎಡವುತ್ತಿದ್ದ ಹುಡುಗನು ಮೂರನೆಯ ಭಾಗಕ್ಕೆ ಬರುವ ವೇಳೆಗೆ ಅಕ್ಷರಗಳನ್ನು ಮರೆತು ಕಥೆಯನ್ನು ಓದುತ್ತಿರುತ್ತಾನೆ. ಓದು ಕೈವಶವಾಗುವುದೆಂದರೆ ಇದೇ ಅಲ್ಲವೆ?

ಕನ್ನಡಕ್ಕೆ ಇದು ಹೊಸ ಮಾತೇನೂ ಅಲ್ಲ. ನಮ್ಮ ವಾಚಕವರ್ಗ ಬೆಳೆದದ್ದೇ ಕಥೆಯ ಕುತೂಹಲದಿಂದ. ಬಿ. ವೆಂಕಟಾಚಾರ್ಯರೂ ಗಳಗನಾಥರೂ ಕಾದಂಬರಿಯ ರುಚಿಯನ್ನು ಹತ್ತಿಸಿದರು. ಅನಂತರ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನು ಗಂಭೀರ ಸಾಹಿತ್ಯ ತಲುಪದ ಮನೆಗಳಿಗೂ ಕನ್ನಡ ಪುಸ್ತಕವನ್ನು ತಲುಪಿಸಿದನು. ಬೆಂಗಳೂರಿನಲ್ಲಿ ಕನ್ನಡಕ್ಕಾಗಿ ಹೋರಾಡಿ, ಹಳದಿ ಕೆಂಪಿನ ಬಾವುಟಕ್ಕೆ ರೂಪ ಕೊಟ್ಟ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರೆಂಬುದನ್ನು ಎಷ್ಟು ಜನ ನೆನೆಯುತ್ತಾರೆ? ಭಾಷೆಯ ಅಭಿಮಾನಕ್ಕೂ ರೋಚಕವಾದ ಕಥೆಗೂ ವೈರವಿಲ್ಲವೆಂಬುದಕ್ಕೆ ಅವರ ಬದುಕೇ ಸಾಕ್ಷಿ.

ದಂಡಿನ ಪ್ರದೇಶದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. 1809ರಲ್ಲಿ ನೆಲೆಗೊಂಡ ದಂಡು 1947ರ ಜುಲೈವರೆಗೆ ಬ್ರಿಟಿಷರ ಆಡಳಿತದಲ್ಲಿತ್ತು. ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ನಿಗೆ ಒಳಪಟ್ಟದ್ದು 1949ರಲ್ಲಿ. ಇಲ್ಲಿಯ ಬೀದಿಗಳಲ್ಲಿ ತಮಿಳು, ಉರ್ದು, ತೆಲುಗು, ಇಂಗ್ಲಿಷುಗಳು ಕನ್ನಡದೊಡನೆ ಬಾಳುತ್ತಿವೆ. ಅದು ಈ ಪ್ರದೇಶದ ಸಂಪತ್ತು. ಆದರೆ ಇಲ್ಲಿಯ ಅನೇಕ ಮಕ್ಕಳಿಗೆ ಕನ್ನಡವೆಂದರೆ ಅಂಕಗಳಿಗಾಗಿ ಓದುವ ಒಂದು ವಿಷಯ. ಆನಂದಕ್ಕೆ ಓದುವುದೆಲ್ಲ ಇಂಗ್ಲಿಷಿನಲ್ಲಿ. ಎನಿಡ್ ಬ್ಲೈಟನ್ನಳ ‘ಫೇಮಸ್ ಫೈವ್’ ಇಪ್ಪತ್ತೊಂದು ಭಾಗಗಳನ್ನು ಓದಿದ ಹುಡುಗಿಯನ್ನು ನಾನು ಆಕ್ಷೇಪಿಸಲಾರೆ. ಅವಳು ಓದುವುದನ್ನು ಕಲಿತಿದ್ದಾಳೆ. ಪರೀಕ್ಷೆಯ ಭಯವನ್ನು ಮಾತ್ರ ಕೊಡುವ ಭಾಷೆಯನ್ನು ಮಗು ಪರೀಕ್ಷೆ ಮುಗಿದ ದಿನವೇ ಬಿಟ್ಟುಬಿಡುತ್ತದೆ ಎಂಬುದಷ್ಟೇ ನನ್ನ ಚಿಂತೆ.

ಹಾಗಾದರೆ ಯಾವುದರಿಂದ ಆರಂಭಿಸಬೇಕು? ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ನಾಲ್ಕು ಭಾಗಗಳಿಂದ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಇವು ಕೆನೆತ್ ಆಂಡರ್ಸನ್ನನ ಬರಹಗಳ ಭಾವಾನುವಾದ. ಆಂಡರ್ಸನ್ ದೂರದವನಲ್ಲ, ಬೆಂಗಳೂರಿನಲ್ಲಿಯೇ ಓದಿ, ಪೂರ್ವ ಭಾಗದ ವಿಮಾನ ಕಾರ್ಖಾನೆಯಲ್ಲಿ ಉದ್ಯೋಗ ಮಾಡಿ, 1974ರಲ್ಲಿ ತೀರಿಕೊಂಡವನು. ಕನ್ನಡ, ತಮಿಳುಗಳನ್ನು ಆಡಬಲ್ಲವನಾಗಿದ್ದನು. ಅವನ ಮೊದಲ ಪುಸ್ತಕ 1954ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಆ ಕಥೆಗಳು ಮೂಡಿಗೆರೆಯ ಲೇಖಕನೊಬ್ಬನ ಕೈಯಿಂದ ಕನ್ನಡವಾಗಿ ಮರಳಿ ಮನೆಗೆ ಬಂದವು. ಜಾಲಹಳ್ಳಿ, ಮಾಗಡಿಗಳಲ್ಲಿ ಚಿರತೆಯ ಹೆಜ್ಜೆಯನ್ನು ಹುಡುಕುವ ಕಥೆಯನ್ನು ಓದಿದ ಮಗುವಿಗೆ ಸಾಹಸವೆಂಬುದು ಇಂಗ್ಲೆಂಡಿನ ಕಡಲತೀರದಲ್ಲಿ ಮಾತ್ರ ನಡೆಯುವ ವ್ಯಾಪಾರವಲ್ಲವೆಂದು ತಿಳಿಯುತ್ತದೆ.

ಬೇಟೆಯ ಕಥೆಗಳನ್ನು ಇಂದಿನ ಮಕ್ಕಳಿಗೆ ಕೊಡಬಹುದೆ ಎಂದು ಕೆಲವು ಉಪಾಧ್ಯಾಯರು ಸಂದೇಹಿಸುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಹುಟ್ಟಿದ ಪೀಳಿಗೆಗೆ ಈ ಸಂದೇಹ ಸಹಜವಾದದ್ದು. ಆದರೆ ಈ ಕಥೆಗಳಲ್ಲಿ ಮನಸ್ಸಿನಲ್ಲಿ ನಿಲ್ಲುವುದು ಗುಂಡಿನ ಸದ್ದಲ್ಲ. ಕಾಡಿನ ಮೌನ, ಹಳ್ಳಿಗರ ಭಯ, ಪ್ರಾಣಿಯ ಸ್ವಭಾವವನ್ನು ಅರಿಯುವ ತಾಳ್ಮೆ. ಕಾಡನ್ನು ಬಲ್ಲ ಮಗುವೇ ನಾಳೆ ಕಾಡನ್ನು ಉಳಿಸಬೇಕಾದದ್ದು.

ಎರಡನೆಯದಾಗಿ, ಅದೇ ಲೇಖಕರ ಹದಿನಾರು ಭಾಗಗಳ ಮಿಲೆನಿಯಂ ಸರಣಿ. ಪೆಸಿಫಿಕ್ ದ್ವೀಪಗಳಿಂದ ಮಹಾಯುದ್ಧದವರೆಗೆ ಇದರ ಹರಹು. ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡವರು ಕಾಲ್ನಡಿಗೆಯಲ್ಲಿ ಭಾರತವನ್ನು ಸೇರುವ ‘ಮಹಾಪಲಾಯನ’ವನ್ನು ಕೈಗೆತ್ತಿಕೊಂಡ ಮಗು ಊಟದ ಕರೆಯನ್ನು ಕೇಳಿಸಿಕೊಳ್ಳುವುದು ಕಷ್ಟ. ಇದರ ಮೂಲ ಲೇಖಕನು ನಿಜವಾಗಿ ಆ ದಾರಿಯನ್ನು ನಡೆದನೆ ಎಂಬ ಪ್ರಶ್ನೆ 2006ರಲ್ಲಿ ದೊರೆತ ದಾಖಲೆಗಳಿಂದ ಎದ್ದಿದೆ. ಉಪಾಧ್ಯಾಯರಿಗೆ ಇದು ತೊಡಕಲ್ಲ, ಲಾಭ. ಕಥೆ ಮುಗಿದ ಮೇಲೆ ಸಾಕ್ಷ್ಯವೆಂದರೇನೆಂಬ ಚರ್ಚೆಯನ್ನು ಅಲ್ಲಿಂದಲೇ ತೊಡಗಬಹುದು.

ಇನ್ನು ಕಾಲದಲ್ಲಿ ಸಂಚರಿಸುವ ಕಥೆ. ಇದೂ ನಮಗೆ ಅಪರಿಚಿತವಲ್ಲ. ಮಗಳಾದ ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋದ ರಾಜನು ಒಂದು ಗಾನವನ್ನು ಕೇಳಿ ಮುಗಿಸುವಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಕಳೆದಿದ್ದವು. ಅವನ ಕುಶಸ್ಥಲಿ ದ್ವಾರಕೆಯಾಗಿತ್ತು ಎಂದು ವಿಷ್ಣುಪುರಾಣ ಹೇಳುತ್ತದೆ. 1895ರಲ್ಲಿ ಎಚ್. ಜಿ. ವೆಲ್ಸ್ ಬರೆದ ಕಾಲಯಂತ್ರದ ಕಥೆಯಲ್ಲಿಯೂ ಗಮನಿಸಬೇಕಾದ ಅಂಶವೊಂದಿದೆ: ಯಂತ್ರವು 8,02,701ನೆಯ ವರ್ಷಕ್ಕೆ ಹೋದರೂ ಜಾಗದಿಂದ ಕದಲುವುದಿಲ್ಲ, ಯಾತ್ರಿಕನು ಇಳಿಯುವುದು ತನ್ನ ಊರಿನಲ್ಲಿಯೇ. ಕಾಲಯಾನದ ಕಥೆಗೆ ಯಂತ್ರಕ್ಕಿಂತಲೂ ಊರು ಮುಖ್ಯ. ತೇಜಸ್ವಿಯವರ ‘ಕರ್ವಾಲೊ’ (1980) ಯಂತ್ರವೇ ಇಲ್ಲದೆ ಈ ಕೆಲಸವನ್ನು ಮಾಡಿತು. ಮಲೆನಾಡಿನ ಕಾಡಿನೊಳಗೆ ಹಾರುವ ಓತಿಯನ್ನು ಅರಸಿ ಹೊರಟವರು ಲಕ್ಷಾಂತರ ವರ್ಷಗಳ ಹಿಂದಕ್ಕೆ ನಡೆದರು. ಹದಿನಾಲ್ಕರ ವಯಸ್ಸಿನವರಿಗೆ ಇದನ್ನು ಧೈರ್ಯವಾಗಿ ಕೊಡಬಹುದು. ಅದಕ್ಕಿಂತ ಚಿಕ್ಕವರಿಗೆ, 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಇದೆ.

ಇಷ್ಟಕ್ಕೇ ನಾನು ತೃಪ್ತನಲ್ಲ. ದಂಡಿನ ಮಕ್ಕಳೇ ನಾಯಕರಾಗಿ ತಮ್ಮ ಬೀದಿಗಳ ಹಿಂದಿನ ಕಾಲಕ್ಕೆ ಇಳಿಯುವ ಕನ್ನಡ ಸರಣಿಯೊಂದನ್ನು ನಮ್ಮ ಲೇಖಕರು ಬರೆಯಬೇಕು. ಸಾಮಗ್ರಿಗೆ ಕೊರತೆಯೆ? 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಭೂಮಾಪನಕ್ಕಾಗಿ ಕೃಷ್ಣರಾಜಪುರಕ್ಕೂ ಅಗರಕ್ಕೂ ನಡುವೆ ಏಳು ಮೈಲಿಗೂ ಮಿಕ್ಕ ಗೆರೆಯೊಂದನ್ನು ಅಳೆದನು. ಅಳೆದ ಉಕ್ಕಿನ ಸರಪಳಿಯು ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಸ್ವೀಕೃತವಾಗದೆ ಹಿಂದಿರುಗಿದ್ದು! ಆ ಸರಪಳಿಯ ಇನ್ನೊಂದು ತುದಿಯನ್ನು ಕೃಷ್ಣರಾಜಪುರದ ಹುಡುಗಿಯೊಬ್ಬಳ ಕೈಗೆ ಕೊಡಲು ಬಲ್ಲ ಲೇಖಕನು ಬೇಕು. ಹಲಸೂರಿನ ಸೋಮೇಶ್ವರನ ಗುಡಿ, ದೊಮ್ಮಲೂರಿನ ಚೊಕ್ಕನಾಥನ ಗುಡಿಯ ತಮಿಳು ಶಾಸನಗಳು, 1898ರ ಪ್ಲೇಗು, ಇವುಗಳಲ್ಲಿ ಒಂದೊಂದೂ ಒಂದೊಂದು ಭಾಗವಾಗಬಲ್ಲುದು. ಮನೆಯಲ್ಲಿ ತಮಿಳನ್ನೋ ಉರ್ದುವನ್ನೋ ಆಡುವ ಮಗುವಿಗೂ ಅಂಥ ಕಥೆಯಲ್ಲಿ ತನ್ನವರು ಸಿಗುತ್ತಾರೆ. ಸಿಕ್ಕಾಗ ಕನ್ನಡವೂ ತನ್ನದಾಗುತ್ತದೆ.

ಕೊನೆಗೆ ಉಪಾಧ್ಯಾಯ ಮಿತ್ರರಲ್ಲಿ ಒಂದು ಬಿನ್ನಹ. ಮೊದಲ ಅಧ್ಯಾಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಚಿರತೆಯು ಪೊದೆಯಿಂದ ಹೊರಬರುವ ಕ್ಷಣದಲ್ಲಿ ಪುಸ್ತಕವನ್ನು ಮುಚ್ಚಿಬಿಡಿ. ಸಾರಾಂಶ ಬರೆಯಿರೆಂದು ಹೇಳಬೇಡಿ, ಪ್ರಶ್ನೆ ಕೇಳಬೇಡಿ. ಎರಡನೆಯ ಭಾಗವನ್ನು ಕಪಾಟಿನಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಇಡಿ, ಕಪಾಟಿಗೆ ಬೀಗವನ್ನು ಮಾತ್ರ ಹಾಕಬೇಡಿ. ಪಂಪ ಕುಮಾರವ್ಯಾಸರು ಕಾಯಬಲ್ಲರು. ಅವರಿಗೆ ಸಾವಿರ ವರ್ಷಗಳ ಸಹನೆಯಿದೆ. ಹನ್ನೆರಡರ ಹುಡುಗನ ಕುತೂಹಲಕ್ಕೆ ಅಂಥ ಸಹನೆಯಿಲ್ಲ. ಅದು ಇಂದು ಕನ್ನಡದಲ್ಲಿ ಸಿಗದಿದ್ದರೆ ನಾಳೆ ಬೇರೆಡೆಗೆ ಹೋಗುತ್ತದೆ.