ಬೆರಳಲ್ಲಿ ನೋಡೋ ವಾಚು, ಬರೀ ಕಣ್ಣಿಗೆ ಮಾಡಿದ ವೆಬ್‌ಸೈಟು

1/3
ಮೊನ್ನೆ ಕೆರೆಬಿಳಚಿ ಬಸ್‌ಸ್ಟ್ಯಾಂಡಲ್ಲಿ ನಿಂತು ಒಂದು ವೆಬ್‌ಸೈಟ್ ತೆರೆದೆ. ಕಾರ್ಖಾನೆಲಿ ತಯಾರಾದ ದಿನಬಳಕೆ ಸಾಮಾನುಗಳ ವಿನ್ಯಾಸದ ಬಗ್ಗೆ ಒಂದು ಮ್ಯೂಸಿಯಂ ಪ್ರದರ್ಶನ ಇಟ್ಟಿತ್ತು, ಅದರ ಜೊತೆಗಿನ ಸೈಟು. ಯಾರದು ಅನ್ನೋದು ಬೇಡ ಬಿಡಿ. ಬಸ್ಸು ಬಂತು, ಮೊದಲ ಫೋಟೋ ಬರಲಿಲ್ಲ.

ಕಾಲೇಜಲ್ಲಿ ನೆಟ್‌ವರ್ಕ್ ಸಿಕ್ಕಿತು. ಕಣ್ಣು ಕಾಣದ ನನ್ನ ಗೆಳೆಯನ ಕೈಗೆ ಫೋನ್ ಕೊಟ್ಟೆ. ಟಾಕ್‌ಬ್ಯಾಕ್ ಹಾಕ್ಕೊಂಡ. ಫೋನು ಹೇಳಿದ್ದು ಇಷ್ಟೇ: "ಇಮೇಜ್. ಇಮೇಜ್. ಇಮೇಜ್." ಅವನು ನಕ್ಕು ವಾಪಸ್ ಕೊಟ್ಟ. ನನಗೆ ಸಿಟ್ಟು ಬಂತು.

2/3
ಯಾಕೆ ಸಿಟ್ಟು ಅಂದ್ರೆ, ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. ಹೆಚ್‌ಎಂಟಿ ಶುರುವಾಗಿದ್ದು 1953ರಲ್ಲಿ. 1961ರಿಂದ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಲ್ಲಿ ವಾಚ್ ಮಾಡಿದ್ರು. ಜನತಾ ವಾಚ್ ನಮ್ಮಜ್ಜನ ಹತ್ರಾನೂ ಐತೆ, 17 ಜ್ಯುವೆಲ್, ದಿನಾ ಬೆಳಿಗ್ಗೆ ಕೀ ಕೊಡಬೇಕು. ಅದೇ ಕಂಪನಿ ಬ್ರೈಲ್ ವಾಚೂ ಮಾಡಿತ್ತು: ಗಾಜಿನ ಮುಚ್ಚಳ ಎತ್ತಿ, ಮುಳ್ಳನ್ನೂ ಉಬ್ಬು ಚುಕ್ಕಿಗಳನ್ನೂ ಬೆರಳಲ್ಲಿ ಸವರಿ ಟೈಮ್ ತಿಳ್ಕೊಳ್ಳೋದು. ವಿನ್ಯಾಸ ಅಂದ್ರೆ ಇದು ಗುರು! ಯಾರ ಕೈಗೆ ಹೋಗುತ್ತೆ ಅಂತ ಮೊದಲೇ ಯೋಚಿಸೋದು.

2016ರಲ್ಲಿ ಆ ವಾಚ್ ಕಂಪನಿ ಮುಚ್ಚೋಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಡ್ತು. 2019ರಲ್ಲಿ ಜಾಲಹಳ್ಳಿಲಿ ಹೆಚ್‌ಎಂಟಿ ಮ್ಯೂಸಿಯಂ ತೆರೀತು. ಇಂಥ ವಸ್ತುಗಳ ಬಗ್ಗೆ ಸೈಟ್ ಮಾಡಿ, ಅದನ್ನ ಬ್ರೈಲ್ ವಾಚ್ ಕಟ್ಟಿಕೊಂಡೋನೇ ಓದೋಕಾಗಲ್ಲ ಅಂದ್ರೆ ಏನು ಹೇಳೋಣ?

3/3
"ಸೈಟು ಬರೀ ಪರಿಚಯಕ್ಕೆ, ಬೆಂಗಳೂರಿಗೆ ಬಂದು ನೋಡಿ" ಅಂತಾರೆ. ನಾನು ಬಿಕಾಂ, ಲೆಕ್ಕ ಹಾಕ್ತೀನಿ. ಹೆಣ್ಣುಮಕ್ಕಳಿಗೆ ಬಸ್ ಫ್ರೀ, ಒಪ್ಪಿದೆ. ಆದರೆ ತಪ್ಪೋ ಕೂಲಿ, ಊಟ, ಕರ್ಕೊಂಡು ಹೋಗೋ ಜನ? ಪ್ರದರ್ಶನ ಕೆಲವು ತಿಂಗಳಿಗೆ ಮುಗಿಯುತ್ತೆ. ಆಮೇಲೆ ಎಲ್ಲರಿಗೂ ಉಳಿಯೋದು ಸೈಟೇ.

ನಿಮ್ಮಲ್ಲಿ ಬಿಸಿಎ ಓದೋರಿದ್ದೀರಿ, ನಾಳೆ ಇಂಥ ಕೆಲಸ ನಿಮಗೇ ಬರಬಹುದು. ಗರಗರ ತಿರುಗೋ ತ್ರೀಡಿ ವಾಚ್ ಆಮೇಲೆ ಮಾಡಿ. ಮೊದಲು ಕನ್ನಡದಲ್ಲಿ ಬರಹ ಬರಲಿ, ಫೋಟೋ ಹಗುರ ಇರಲಿ, ಪ್ರತಿ ಫೋಟೋಗೂ ಎರಡು ಸಾಲು ವಿವರಣೆ. ಕೀ ಕೊಡೋ ಕರಕರ ಸದ್ದು ರೆಕಾರ್ಡ್ ಮಾಡಿ ಹಾಕಿ. ಜೋಡಣೆ ವಿಭಾಗದಲ್ಲಿ ಕೂತು ದುಡಿದ ಹೆಣ್ಣುಮಕ್ಕಳ ಮಾತು ಹಾಕಿ. ಇದಕ್ಕೆಲ್ಲ ಕೋಟಿ ಬೇಡ.

ಮುಂದಿನ ಪೋಸ್ಟ್ ಅಜ್ಜನ ಜನತಾ. ಫೋಟೋಗೆ ವಿವರಣೆ ಬರೆದಿದೀನಿ. ಟಾಕ್‌ಬ್ಯಾಕ್ ಹಾಕಿ ಕೇಳಿ, ಅರ್ಥ ಆಗದಿದ್ರೆ ಕಾಮೆಂಟಲ್ಲಿ ಬೈರಿ.