ವಿದ್ವತ್ಸಭೆಯಲ್ಲಿ ಕ್ಯಾಮೆರಾ

1928ನೆಯ ಇಸವಿ ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯ ಮುಂದೆ, ಚಂದ್ರಶೇಖರ ವೆಂಕಟ ರಾಮನ್ ಅವರು ಅದೇ ವರ್ಷದ ಫೆಬ್ರವರಿಯ ಕೊನೆಯಲ್ಲಿ ಕಲ್ಕತ್ತೆಯಲ್ಲಿ ತಮಗೆ ಗೋಚರವಾದ ನೂತನ ವಿಕಿರಣದ ವೃತ್ತಾಂತವನ್ನು ನಿರೂಪಿಸಿದರು. ಆ ಉಪನ್ಯಾಸದ ಅಚ್ಚಾದ ಪಾಠ ನಮಗೆ ಉಳಿದುಬಂದಿದೆ. ಆದರೆ ವಕ್ತೃವಿನ ಕಂಠವು ಎಲ್ಲಿ ಏರಿತು, ಯಾವ ಮಾತಿನ ಬಳಿ ಅವರು ಕ್ಷಣಕಾಲ ತಡೆದು ನಿಂತರು, ಸಭಿಕರು ಯಾವ ಸಂದೇಹವನ್ನು ಮುಂದಿಟ್ಟರು ಎಂಬುದನ್ನು ತಿಳಿಯಲು ಇಂದು ನಮಗೆ ಸಾಧನವಿಲ್ಲ. ಅದಕ್ಕಾಗಿ ಆ ಕಾಲದವರನ್ನು ದೂಷಿಸುವಂತಿಲ್ಲ. ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಹಿಡಿದಿಡುವ ಯಂತ್ರ ಪ್ರತಿಯೊಬ್ಬನ ಜೇಬಿನಲ್ಲಿರುವ ಈ ದಿನಗಳಲ್ಲಿ ನಾವು ವಿಚಾರಿಸಬೇಕಾದದ್ದು, ಸಂಶೋಧನಾ ಸಂಸ್ಥೆಯ ಯಾವ ಸಭೆಯನ್ನು ಮುದ್ರಿಸಿಡಬೇಕು, ಯಾವುದನ್ನು ನೇರವಾಗಿ ಪ್ರಸಾರ ಮಾಡಬೇಕು, ಯಾವುದನ್ನು ಅಲ್ಲಿದ್ದವರ ಸ್ಮೃತಿಗಷ್ಟೇ ಬಿಡಬೇಕು ಎಂಬ ವಿವೇಕವನ್ನು.

ಮುದ್ರಿಸಿಟ್ಟುದರ ಫಲವೇನೆಂಬುದಕ್ಕೆ ರಿಚರ್ಡ್ ಫೈನ್‌ಮನ್ನರ ನಿದರ್ಶನ ಸಾಕು. 1961ರಿಂದ 1963ರವರೆಗೆ ಕ್ಯಾಲ್‌ಟೆಕ್‌ನಲ್ಲಿ ಅವರು ಪ್ರಾರಂಭಿಕ ತರಗತಿಯ ವಿದ್ಯಾರ್ಥಿಗಳಿಗೆ ಭೌತವಿಜ್ಞಾನವನ್ನು ಬೋಧಿಸುತ್ತಿದ್ದಾಗ, ಆಡಿದ ಮಾತೆಲ್ಲ ಟೇಪಿನಲ್ಲಿ ಮುದ್ರಿತವಾಗುತ್ತಿತ್ತು, ಕರಿಹಲಗೆಯ ಛಾಯಾಚಿತ್ರಗಳನ್ನು ತೆಗೆಯಲಾಗುತ್ತಿತ್ತು. ಲೋಕಪ್ರಸಿದ್ಧವಾದ ಮೂರು ಸಂಪುಟಗಳು ಹುಟ್ಟಿದ್ದು ಆ ಟೇಪುಗಳಿಂದಲೇ. ಆರು ದಶಕಗಳ ತರುವಾಯ ಆ ಧ್ವನಿಯೂ ಆ ಚಿತ್ರಗಳೂ ಅಂತರ್ಜಾಲದಲ್ಲಿ ಸರ್ವರಿಗೂ ಸುಲಭವಾಗಿವೆ. ಗ್ರಂಥದಲ್ಲಿ ಸಂಪಾದಕರ ಕೈಯಿಂದ ನಯವಾದ ವಾಕ್ಯಗಳು ಅಲ್ಲಿ ತಮ್ಮ ಒರಟುತನದೊಡನೆ, ನಗೆಯೊಡನೆ ಕೇಳಿಬರುತ್ತವೆ.

ನಮ್ಮಲ್ಲಿಯೂ ಈ ಕಾರ್ಯ ನಡೆಯುತ್ತಿಲ್ಲವೆಂದಲ್ಲ. ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನ ಕೇಂದ್ರವು ತನ್ನಲ್ಲಿ ನಡೆಯುವ ವಿಚಾರಗೋಷ್ಠಿಗಳ ಉಪನ್ಯಾಸಗಳನ್ನು ಚಿತ್ರೀಕರಿಸಿ ಯೂಟ್ಯೂಬಿನಲ್ಲಿ ಇರಿಸುವುದನ್ನು ತನ್ನ ನಿತ್ಯದ ಪರಿಪಾಠವನ್ನಾಗಿಯೇ ಮಾಡಿಕೊಂಡಿದೆ. ಇದನ್ನು ನಾನು ಉಪಕಾರವೆಂದು ಕರೆಯಲಾರೆ, ಕರ್ತವ್ಯವೆಂದೇ ಕರೆಯುತ್ತೇನೆ. ಏಕೆಂದರೆ ಇಂಥ ಸಂಸ್ಥೆಗಳು ಪ್ರಜೆಗಳ ದ್ರವ್ಯದಿಂದ ನಡೆಯತಕ್ಕವು, ಮತ್ತು ಬೀದರಿನಲ್ಲಿಯೋ ರಾಯಚೂರಿನಲ್ಲಿಯೋ ಓದುತ್ತಿರುವ ಹುಡುಗಿಗೆ, ತನ್ನ ಕಾಲೇಜಿನಲ್ಲಿ ಆ ವಿಷಯವನ್ನು ಬಲ್ಲ ಅಧ್ಯಾಪಕರೇ ಇಲ್ಲದಿರುವಾಗ, ಆಚಾರ್ಯಸನ್ನಿಧಿ ಲಭಿಸಲು ಬೇರೆ ಮಾರ್ಗವಿಲ್ಲ. ಅಲ್ಲದೆ ಸಭಾಂಗಣದಲ್ಲಿ ಕುಳಿತವನಿಗಿಲ್ಲದ ಒಂದು ಅನುಕೂಲವೂ ಅವಳಿಗುಂಟು: ಸಮೀಕರಣದ ಒಂದು ಮೆಟ್ಟಿಲು ತಿಳಿಯದೆ ಹೋದರೆ ಉಪನ್ಯಾಸಕರನ್ನು ಅಲ್ಲಿಯೇ ನಿಲ್ಲಿಸಿ, ಕಾಗದ ಪೆನ್ಸಿಲ್ಲು ಹಿಡಿದು ಲೆಕ್ಕ ಬಿಡಿಸಿ, ಬೇಕಾದಾಗ ಮುಂದಕ್ಕೆ ಹೋಗಬಹುದು.

ಆದರೂ ಪ್ರತಿಪಕ್ಷವನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಅಮೆರಿಕದಲ್ಲಿ 1931ರಲ್ಲಿ ಆರಂಭವಾದ ಗೋರ್ಡನ್ ಸಂಶೋಧನಾ ಸಮ್ಮೇಳನಗಳಲ್ಲಿ ಉಪನ್ಯಾಸದ ಧ್ವನಿಮುದ್ರಣವಾಗಲಿ ಛಾಯಾಚಿತ್ರ ತೆಗೆಯುವುದಾಗಲಿ ಇಂದಿಗೂ ನಿಷಿದ್ಧ. ಇದು ಗೋಪ್ಯದ ವ್ಯಾಮೋಹವಲ್ಲ. ಇನ್ನೂ ಪ್ರಕಟವಾಗದ ಫಲಿತಾಂಶವನ್ನು, ನಾಳೆ ಸುಳ್ಳಾಗಬಹುದಾದ ಊಹೆಯನ್ನು, ಸಹೋದ್ಯೋಗಿಗಳ ಮುಂದಿಟ್ಟು ಅವರಿಂದ ಖಂಡನೆ ಮಾಡಿಸಿಕೊಳ್ಳುವ ಧೈರ್ಯವು ಮುಚ್ಚಿದ ಬಾಗಿಲಿನೊಳಗೆ ಮಾತ್ರ ಹುಟ್ಟುತ್ತದೆಂಬುದು ಆ ಸಮ್ಮೇಳನಗಳವರ ಅನುಭವ. ಇದರಲ್ಲಿ ಸತ್ಯವಿದೆ. ವಿಶೇಷವಾಗಿ ಉಪನ್ಯಾಸದ ಅನಂತರದ ಪ್ರಶ್ನೋತ್ತರದಲ್ಲಿ, ತನ್ನ ಅಜ್ಞಾನವನ್ನು ಮೊದಲ ಬಾರಿಗೆ ಬಾಯಿಬಿಟ್ಟು ಒಪ್ಪಿಕೊಳ್ಳುವ ಕಿರಿಯ ವಿದ್ಯಾರ್ಥಿಯ ಪ್ರಶ್ನೆಯು ಅವನ ಹೆಸರು ಮುಖಗಳೊಡನೆ ಶಾಶ್ವತವಾಗಿ ಅಂತರ್ಜಾಲದಲ್ಲಿ ನಿಲ್ಲುವುದಾದರೆ, ಅವನು ಕೈಯೆತ್ತುವುದನ್ನೇ ಬಿಡುತ್ತಾನೆ. ಆದಕಾರಣ ಉಪನ್ಯಾಸವನ್ನು ವಕ್ತೃವಿನ ಸಮ್ಮತಿ ಪಡೆದು ಮುದ್ರಿಸಲಿ. ಚರ್ಚೆ ಪ್ರಾರಂಭವಾದೊಡನೆ ಕ್ಯಾಮೆರಾ ನಿಲ್ಲಲಿ.

ನೇರ ಪ್ರಸಾರದ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. ತಿದ್ದಲು ಎಡೆಯಿಲ್ಲದ ಆ ಒತ್ತಡಕ್ಕೆ ಸಾಮಾನ್ಯ ಉಪನ್ಯಾಸವನ್ನು ಗುರಿಮಾಡುವುದರಿಂದ ಯಾರಿಗೂ ಲಾಭವಿಲ್ಲ. ನಾಳೆ ನೋಡಿದರೂ ಅದು ಹಳಸುವುದಿಲ್ಲ. ಆದರೆ ಏನಾಗುವುದೆಂದು ಯಾರಿಗೂ ತಿಳಿಯದ ಗಳಿಗೆಗಳ ಮಾತು ಬೇರೆ. 2019ರ ಸೆಪ್ಟೆಂಬರ್ 7ರ ಅಪರಾತ್ರಿಯಲ್ಲಿ, ಚಂದ್ರನ ಮೇಲ್ಮೈಯಿಂದ 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲವೂ ಸರಿಯಾಗಿದ್ದು ಬಳಿಕ ವಿಕ್ರಮ್ ನೌಕೆಯ ಸಂಪರ್ಕ ತಪ್ಪಿತೆಂಬುದನ್ನು ಇಸ್ರೊ ಅಧ್ಯಕ್ಷರು ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಸಾರಿದಾಗ, ದೇಶವೆಲ್ಲ ಅದನ್ನು ಕಣ್ಣಾರೆ ಕಂಡಿತು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ವಿಜಯವನ್ನು ಜನ ಅಷ್ಟು ಆತ್ಮೀಯತೆಯಿಂದ ತಮ್ಮದೆಂದು ಭಾವಿಸಲು, ಹಿಂದಿನ ಸೋಲನ್ನು ಅವರಿಂದ ಮರೆಮಾಚದೆ ಇದ್ದುದೇ ಅರ್ಧ ಕಾರಣವೆಂದು ನನ್ನ ನಂಬಿಕೆ. ಗೆಲುವು ಖಚಿತವಾದಾಗ ಮಾತ್ರ ತೆರೆಯನ್ನು ಸರಿಸುವ ಸಂಸ್ಥೆ ಪ್ರಸಾರ ಮಾಡುವುದು ವಿಜ್ಞಾನವನ್ನಲ್ಲ, ಜಾಹೀರಾತನ್ನು.

ಇನ್ನು ಚಿತ್ರೀಕರಣದ ಕುಶಲತೆಯ ಮಾತು. ಅನೇಕ ಕಡೆ ಕ್ಯಾಮೆರಾವು ಉಪನ್ಯಾಸಕರ ಮುಖವನ್ನೇ ಹಿಂಬಾಲಿಸುತ್ತದೆ. ಅವರು ಸೀಮೆಸುಣ್ಣದಿಂದ ಬರೆದ ಸಾಲು, ನೋಡುವವನು ಓದಿ ಮುಗಿಸುವ ಮುನ್ನವೇ, ಚೌಕಟ್ಟಿನ ಹೊರಗೆ ಜಾರಿಹೋಗುತ್ತದೆ. ಗಣಿತದ ಉಪನ್ಯಾಸದಲ್ಲಿ ನಾಯಕನು ಹಲಗೆಯೇ ಹೊರತು ಮುಖವಲ್ಲ. ಮುದ್ರಿಸಿದ್ದನ್ನು ಪರದೇಶದ ಖಾಸಗಿ ಕಂಪನಿಯೊಂದರ ಉಗ್ರಾಣದಲ್ಲಿ ಮಾತ್ರ ಇಟ್ಟು ನಿಶ್ಚಿಂತರಾಗುವುದೂ ತರವಲ್ಲ. ಮೂಲಪ್ರತಿ ಸಂಸ್ಥೆಯ ಸ್ವಂತ ಭಂಡಾರದಲ್ಲಿರಬೇಕು.

ಎಲ್ಲಕ್ಕಿಂತ ದೊಡ್ಡ ಕೊರತೆ ಭಾಷೆಯದು. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದ್ದ ನಾಡಿನಲ್ಲಿ, ಇಂದು ಸಂಶೋಧನಾ ಸಂಸ್ಥೆಗಳಿಂದ ಹೊರಬರುವ ಉಪನ್ಯಾಸಗಳು ಬಹುಪಾಲು ಇಂಗ್ಲಿಷಿನಲ್ಲಿಯೇ ಇವೆ. ಸಂಶೋಧಕರು ತಮ್ಮೊಳಗೆ ಆಡುವ ಮಾತಿಗೆ ಇಂಗ್ಲಿಷೇ ಇರಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಸಾರ್ವಜನಿಕರಿಗೆಂದೇ ಏರ್ಪಡಿಸಿದ ಉಪನ್ಯಾಸಗಳಿಗಾದರೂ ತೆರೆಯ ಕೆಳಗೆ ಕನ್ನಡದ ಅಡಿಬರಹವನ್ನು ಕೊಡಿಸಬೇಕೆಂದೂ, ಆ ಕೆಲಸವನ್ನು ಯಂತ್ರಾನುವಾದಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳದೆ ವಿಷಯವನ್ನೂ ಕನ್ನಡವನ್ನೂ ಬಲ್ಲ ತಮ್ಮ ಸಂಶೋಧನಾ ವಿದ್ಯಾರ್ಥಿಗಳಿಗೆ ಸಂಭಾವನೆ ಕೊಟ್ಟು ವಹಿಸಬೇಕೆಂದೂ ಬೆಂಗಳೂರಿನ ಸಂಸ್ಥೆಗಳ ನಿರ್ದೇಶಕರನ್ನು ಪ್ರಾರ್ಥಿಸುತ್ತೇನೆ.